ಮಾಯಾ ಜನರ ತಿಂಗಳ ಲೆಕ್ಕ

ನಮ್ಮ ನುಡಿಯಲ್ಲಿ ತಿಂಗಳೆಂದರೆ ಆಕಾಶದ ಚಂದ್ರನೂ ಹೌದು, ಗೋಡೆಯ ಕ್ಯಾಲೆಂಡರಿನ ಮೂವತ್ತು ದಿನವೂ ಹೌದು. ತಿಂಗಳ ಬೆಳಕು ಎನ್ನುವಾಗ ಮೊದಲಿನದು, ತಿಂಗಳ ಪಗಾರ ಎನ್ನುವಾಗ ಎರಡನೆಯದು. ಇವೆರಡಕ್ಕೂ ಈಗ ಸಂಬಂಧ ತಪ್ಪಿಹೋಗಿದೆ. ಪಗಾರದ ತಿಂಗಳು ಮೂವತ್ತಕ್ಕೋ ಮೂವತ್ತೊಂದಕ್ಕೋ ಮುಗಿಯುತ್ತದೆ. ಚಂದ್ರನ ತಿಂಗಳಾದರೋ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29 ದಿನ, 12 ಗಂಟೆ, 44 ನಿಮಿಷ, 3 ಸೆಕೆಂಡು. ಆ ಅರ್ಧ ದಿನ ಮತ್ತು ಅದರ ಮೇಲಿನ ಮುಕ್ಕಾಲು ಗಂಟೆಯೇ ಎಲ್ಲ ತೊಡಕಿಗೂ ಮೂಲ. ನಮ್ಮ ಪಂಚಾಂಗದವರು ದಿನವನ್ನು ಅರವತ್ತು ಘಳಿಗೆಯಾಗಿ, ಘಳಿಗೆಯನ್ನು ಅರವತ್ತು ವಿಘಳಿಗೆಯಾಗಿ ಒಡೆದು ಈ ತೊಡಕನ್ನು ಬಿಡಿಸಿದರು. ಆದರೆ ದಿನವನ್ನು ಒಡೆಯದೆ, ಭಿನ್ನರಾಶಿಯನ್ನೇ ಬರೆಯದೆ, ಬರಿಯ ಇಡೀ ದಿನಗಳನ್ನೇ ಎಣಿಸಿ ಇದೇ ಕೆಲಸ ಸಾಧಿಸಿದ ಜನರು ಭೂಮಿಯ ಇನ್ನೊಂದು ಮಗ್ಗುಲಲ್ಲಿ ಇದ್ದರು. ಅವರ ಲೆಕ್ಕ ಒಂದು ತಿಂಗಳಿಗೆ ತಪ್ಪುತ್ತಿದ್ದುದು ಸುಮಾರು ಅರ್ಧ ನಿಮಿಷ. ಅದು ಹೇಗೆ ಸಾಧ್ಯವಾಯಿತೆಂಬುದನ್ನು ಈ ಸಂಚಿಕೆಯಲ್ಲಿ ಓದುಗ ಬಂಧುಗಳ ಮುಂದಿಡಬಯಸುತ್ತೇವೆ. ಅವರ ಹೆಸರು ಮಾಯಾ. ವೇದಾಂತದ ಮಾಯೆಗೂ ಇದಕ್ಕೂ ಏನೂ ಸಂಬಂಧವಿಲ್ಲ. ಉಚ್ಚಾರದ ಹೋಲಿಕೆ ಅಷ್ಟೆ.

ಮಾಯಾ ಜನರ ನೆಲ ಈಗಿನ ಮೆಕ್ಸಿಕೋದ ಆಗ್ನೇಯ ಭಾಗ, ಗ್ವಾಟೆಮಾಲಾ, ಬೆಲೀಜ್, ಮತ್ತು ಹೊಂಡುರಾಸ್, ಎಲ್ ಸಾಲ್ವಡಾರ್ ದೇಶಗಳ ಪಡುವಣ ಭಾಗ. ಕ್ರಿ. ಶ. 250ರಿಂದ 900ರವರೆಗೆ ಅವರ ಉಚ್ಛ್ರಾಯ ಕಾಲ. ಅದು ಒಂದೇ ಸಾಮ್ರಾಜ್ಯವಲ್ಲ. ತಿಕಾಲ್, ಪಲೆಂಕೆ, ಕೊಪಾನ್, ಕಿರಿಗ್ವಾ ಎಂದು ಊರಿಗೊಬ್ಬ ಅರಸ. ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿ ಆಳುತ್ತಿದ್ದ ಕಾಲದಲ್ಲಿಯೇ ಪಲೆಂಕೆಯಲ್ಲಿ ಪಕಾಲ್ ಎಂಬ ಪ್ರಸಿದ್ಧ ಅರಸ (615–683) ಆಳುತ್ತಿದ್ದನೆಂದರೆ ಕಾಲದ ಅಂದಾಜು ಸಿಕ್ಕೀತು. ಅವರಲ್ಲಿ ಕಬ್ಬಿಣವಿರಲಿಲ್ಲ, ಎತ್ತು ಕುದುರೆಗಳಿರಲಿಲ್ಲ, ಗಾಡಿಯಿರಲಿಲ್ಲ. ಲಿಪಿಯಿತ್ತು, ಅಂಕಿಯಿತ್ತು.

ಅಂಕಿಯ ಮಾತು ಮೊದಲು. ಒಂದಕ್ಕೆ ಒಂದು ಚುಕ್ಕೆ, ಐದಕ್ಕೆ ಒಂದು ಅಡ್ಡಗೆರೆ. ಎರಡು ಗೆರೆಯ ಮೇಲೆ ಮೂರು ಚುಕ್ಕೆ ಇಟ್ಟರೆ ಹದಿಮೂರು. ಏನೂ ಇಲ್ಲದ ಸ್ಥಾನಕ್ಕೆ ಕಪ್ಪೆಚಿಪ್ಪಿನ ಚಿತ್ರ. ಅಂದರೆ ಶೂನ್ಯ ಅವರಿಗೆ ತಿಳಿದಿತ್ತು, ಮತ್ತು ಅದನ್ನು ಯಾರಿಂದಲೂ ಕಡ ತಂದದ್ದಲ್ಲ. ಶೂನ್ಯ ನಮ್ಮೊಬ್ಬರದೇ ಸೊತ್ತೆಂದು ಸಭೆಗಳಲ್ಲಿ ಭಾಷಣ ಮಾಡುವವರು ಇದನ್ನೊಂದಿಷ್ಟು ಗಮನಿಸಬೇಕು. ನಾವು ಹತ್ತು ಹತ್ತಾಗಿ ಏರಿಸುವಂತೆ ಅವರು ಇಪ್ಪತ್ತು ಇಪ್ಪತ್ತಾಗಿ ಏರಿಸುತ್ತಿದ್ದರು. ಕೈಬೆರಳು ಕಾಲ್ಬೆರಳು ಎಲ್ಲ ಸೇರಿ ಇಪ್ಪತ್ತು.

ದಿನವನ್ನು ಅವರು ಏಕಕಾಲಕ್ಕೆ ಹಲವು ಬಗೆಯಲ್ಲಿ ಎಣಿಸುತ್ತಿದ್ದರು. ಮೊದಲನೆಯದು 260 ದಿನಗಳ ಸುತ್ತು. 1ರಿಂದ 13ರವರೆಗೆ ಸಂಖ್ಯೆ, ಅದರೊಡನೆ ಇಪ್ಪತ್ತು ದಿನನಾಮ. ನಮ್ಮಲ್ಲಿ ವಾರವೂ ತಿಥಿಯೂ ಜೊತೆಜೊತೆಯಾಗಿ ಮುಂದೆ ಸರಿಯುವಂತೆಯೇ ಇದು. ಇಂದು 1 ಇಮಿಶ್ ಆದರೆ ನಾಳೆ 2 ಇಕ್, ನಾಡಿದ್ದು 3 ಅಕ್ಬಾಲ್. ಹದಿಮೂರು ಮುಗಿದೊಡನೆ ಸಂಖ್ಯೆ ಒಂದಕ್ಕೆ ಮರಳುತ್ತದೆ, ಹೆಸರು ಮಾತ್ರ ಹದಿನಾಲ್ಕನೆಯದಕ್ಕೆ ಹೋಗುತ್ತದೆ. ಹದಿಮೂರು ಹಲ್ಲಿನ ಚಕ್ರವೂ ಇಪ್ಪತ್ತು ಹಲ್ಲಿನ ಚಕ್ರವೂ ಕಚ್ಚಿಕೊಂಡು ತಿರುಗುವುದನ್ನು ಗಿರಣಿಯಲ್ಲಿ ದುಡಿಯುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ; 260 ದಿನಕ್ಕೊಮ್ಮೆ ಮೊದಲಿನ ಹಲ್ಲು ಮೊದಲಿನ ಹಲ್ಲಿಗೆ ಸೇರುತ್ತದೆ. ಎರಡನೆಯದು 365 ದಿನಗಳ ವರ್ಷ: ಇಪ್ಪತ್ತು ದಿನಗಳ ಹದಿನೆಂಟು ಮಾಸ, ಕೊನೆಗೆ ಉಳಿದ ಐದು ದಿನ. ಆ ಐದು ದಿನ ಅಶುಭವೆಂದು ಅವರ ನಂಬಿಕೆ. 260 ಮತ್ತು 365ರ ಲ.ಸಾ.ಅ. ತೆಗೆದರೆ 18,980 ದಿನ, ಅಂದರೆ 52 ವರ್ಷ. ಇಂಥ ಹೆಸರಿನ ದಿನ, ಇಂಥ ಮಾಸದ ಇಷ್ಟನೆಯ ದಿನ ಎಂಬ ಜೋಡಿ ಮತ್ತೆ ಬರಬೇಕಾದರೆ ಅಷ್ಟು ಕಾಲ ಬೇಕು.

52 ವರ್ಷಕ್ಕಿಂತ ಹೆಚ್ಚಿನದನ್ನು ಗುರುತಿಸಲು ಮೂರನೆಯ ಎಣಿಕೆಯಿತ್ತು. ಇದಕ್ಕೆ ವಿದ್ವಾಂಸರು ದೀರ್ಘಗಣನೆ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಒಂದು ನಿಶ್ಚಿತ ದಿನದಿಂದ ಇಂದಿನವರೆಗೆ ಒಟ್ಟು ಎಷ್ಟು ದಿನ ಕಳೆಯಿತು ಎಂಬುದೇ ಅದು. ದಿನಕ್ಕೆ 'ಕಿನ್' ಎಂದು ಹೆಸರು. ಆ ಮಾತಿಗೆ ಸೂರ್ಯನೆಂಬ ಅರ್ಥವೂ ಇದೆ. 20 ಕಿನ್ ಕೂಡಿ ಒಂದು ವಿನಾಲ್, 18 ವಿನಾಲ್ ಕೂಡಿ 360 ದಿನಗಳ ಒಂದು ತುನ್, 20 ತುನ್ ಕೂಡಿ 7,200 ದಿನಗಳ ಒಂದು ಕತುನ್, 20 ಕತುನ್ ಕೂಡಿ 1,44,000 ದಿನಗಳ ಒಂದು ಬಕ್ತುನ್. ಕಿರಿಗ್ವಾದಲ್ಲಿ ಒಟ್ಟು 35 ಅಡಿ ಉದ್ದದ ಒಂದು ಶಿಲಾಸ್ತಂಭವಿದೆ. ಅದರ ಒಂದು ಮಗ್ಗುಲಲ್ಲಿ 9 ಬಕ್ತುನ್, 17 ಕತುನ್, ಉಳಿದ ಮೂರು ಸ್ಥಾನಗಳಲ್ಲಿ ಶೂನ್ಯ ಎಂದು ಕೆತ್ತಿದೆ. ಗುಣಿಸಿ ಕೂಡಿಸಿದರೆ 14,18,400 ದಿನ. ಈಗ ಬಹುಮಂದಿ ಒಪ್ಪಿರುವ ಹೊಂದಾಣಿಕೆಯ ಪ್ರಕಾರ ಅದು ಕ್ರಿ. ಶ. 771ರ ಜನವರಿ 22. ಎಣಿಕೆಯ ಆರಂಭ ಕ್ರಿ. ಪೂ. 3114ರ ಆಗಸ್ಟ್ 11. ನಮ್ಮ ಕಲಿಯುಗಾರಂಭ ಕ್ರಿ. ಪೂ. 3102 ಎಂದು ನೆನಪಾದವರಿಗೆ ಕುತೂಹಲ ಹುಟ್ಟುವುದು ಸಹಜ. ನಮ್ಮ ಜ್ಯೋತಿಷಿಗಳ ಅಹರ್ಗಣವೂ ಇಂಥದೇ ದಿನಗಳ ಮೊತ್ತ. ಆದರೆ ಇವೆರಡಕ್ಕೂ ಕೊಡುಕೊಳೆ ಇತ್ತೆನ್ನಲು ಯಾವ ಆಧಾರವೂ ಇಲ್ಲ. ದಿನವನ್ನು ತಪ್ಪದೆ ಎಣಿಸಬೇಕೆಂದು ಹೊರಟವರು ಎಲ್ಲಿದ್ದರೂ ಕೊನೆಗೆ ಇಂಥ ಪದ್ಧತಿಗೇ ಬಂದು ಮುಟ್ಟುವರೆಂದು ನಮಗೆ ತೋರುತ್ತದೆ.

ಇನ್ನು ಚಂದ್ರನ ಲೆಕ್ಕ. ಶಿಲಾಸ್ತಂಭಗಳ ಮೇಲೆ ದೀರ್ಘಗಣನೆಯ ತಾರೀಖು ಬರೆದ ಮೇಲೆ ಚಂದ್ರನಿಗೆಂದೇ ಮೀಸಲಾದ ಕೆಲವು ಅಕ್ಷರಚಿತ್ರಗಳು ಬರುತ್ತವೆ. ಅವನ್ನು ಬಿಡಿಸಿ ಓದಿದರೆ ಸಿಗುವ ಸಾರಾಂಶ ಹೀಗೆ: ಚಂದ್ರ ಬಂದು ಇಷ್ಟು ದಿನವಾಯಿತು, ಆರು ತಿಂಗಳ ಸಾಲಿನಲ್ಲಿ ಇದು ಇಷ್ಟನೆಯ ತಿಂಗಳು, ಇದರ ಹೆಸರು ಇಂಥದು, ಈ ತಿಂಗಳಿಗೆ ದಿನ 29 ಅಥವಾ 30. ಈ ಕೊನೆಯ ಗುರುತು ಬಲು ಸೊಗಸಾಗಿದೆ. ಅಲ್ಲಿ ಚಂದ್ರನ ಚಿತ್ರಕ್ಕೆ ಇಪ್ಪತ್ತರ ಬೆಲೆ. ಅದರ ಜೊತೆಗೆ ಒಂಬತ್ತು ಬರೆದಿದ್ದರೆ ಇಪ್ಪತ್ತೊಂಬತ್ತು ದಿನದ ತಿಂಗಳು, ಎರಡು ಗೆರೆ ಹಾಕಿ ಹತ್ತು ಬರೆದಿದ್ದರೆ ಮೂವತ್ತು ದಿನದ ತಿಂಗಳು. ಇಪ್ಪತ್ತೊಂಬತ್ತೂವರೆ ಎಂಬುದು ಎಲ್ಲಿಯೂ ಇಲ್ಲ.

ಇಲ್ಲಿಯೇ ವಿಷಯದ ತಿರುಳಿದೆ. ಒಂದು ತಿಂಗಳಿಗೆ 29, ಮುಂದಿನದಕ್ಕೆ 30 ಎಂದು ಒಂದನ್ನು ಬಿಟ್ಟು ಒಂದರಂತೆ ಹಾಕಿಕೊಂಡು ಹೋದರೆ ಸರಾಸರಿ ಇಪ್ಪತ್ತೊಂಬತ್ತೂವರೆ ಆಗುತ್ತದೆ. ಆದರೆ ಮೇಲಿನ ಮುಕ್ಕಾಲು ಗಂಟೆ ಉಳಿದೇ ಉಳಿಯುತ್ತದೆ. ತಿಂಗಳು ತಿಂಗಳು ಅದು ಕೂಡುತ್ತ ಹೋಗಿ ಸುಮಾರು 33 ತಿಂಗಳಿಗೆ ಒಂದು ಇಡೀ ದಿನವಾಗುತ್ತದೆ. ಪುಸ್ತಕದಲ್ಲಿ ಅಮಾವಾಸ್ಯೆ, ಆಕಾಶದಲ್ಲಿ ಇನ್ನೂ ಚತುರ್ದಶಿ! ಓದುಗರು ಬೇಕಾದರೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಹೀಗೆ 29, 30 ಬರೆದುಕೊಂಡು ಹೋಗಿ ಪಂಚಾಂಗದ ಅಮಾವಾಸ್ಯೆಗೆ ತಾಳೆ ನೋಡಲಿ. ಎರಡು ಮುಕ್ಕಾಲು ವರ್ಷದೊಳಗಾಗಿ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಆಗಾಗ ಮೂವತ್ತರ ತಿಂಗಳುಗಳನ್ನು ಒಂದರ ಹಿಂದೊಂದು ಎರಡು ಹಾಕಬೇಕು. ಎಷ್ಟು ದಿನಕ್ಕೊಮ್ಮೆ ಹಾಕಬೇಕು ಎಂಬುದೇ ಪ್ರಶ್ನೆ.

ಕೊಪಾನ್ ನಗರದವರು ಕಂಡುಕೊಂಡ ಉತ್ತರ: 149 ತಿಂಗಳಿಗೆ 4,400 ದಿನ. ಅಂದರೆ 79 ತಿಂಗಳು ಮೂವತ್ತರವು, 70 ತಿಂಗಳು ಇಪ್ಪತ್ತೊಂಬತ್ತರವು. ಕೂಡಿಸಿ ನೋಡಿ, 2,370 ಮತ್ತು 2,030. ಸುಮಾರು ಹನ್ನೆರಡು ವರ್ಷದ ಈ ಅವಧಿಯಲ್ಲಿ ನಿಜವಾದ ಚಂದ್ರನಿಗೂ ಇವರ ಲೆಕ್ಕಕ್ಕೂ ಬೀಳುವ ಅಂತರ ಒಂದೂವರೆ ಗಂಟೆಗಿಂತ ಕಡಿಮೆ. ಪಲೆಂಕೆಯವರ ಉತ್ತರ ಬೇರೆ: 81 ತಿಂಗಳಿಗೆ 2,392 ದಿನ, 43 ದೊಡ್ಡ ತಿಂಗಳು, 38 ಸಣ್ಣ ತಿಂಗಳು. ಇದು ಇನ್ನೂ ನಿಖರ. ಆರೂವರೆ ವರ್ಷಕ್ಕೆ ತಪ್ಪು ಅರ್ಧ ಗಂಟೆಯ ಆಸುಪಾಸು. ಈ ಸೂತ್ರದ ಮೇಲೆ ಅವರಿಗೆ ಎಷ್ಟು ಭರವಸೆಯಿತ್ತೆಂದರೆ, ತಮ್ಮ ಎಣಿಕೆಯ ಆರಂಭಕ್ಕೂ ಹಿಂದಿನ ದೇವತಾಕಾಲದ ದಿನಕ್ಕೂ ಚಂದ್ರನ ವಯಸ್ಸನ್ನು ಹಿಮ್ಮುಖವಾಗಿ ಗುಣಿಸಿ ದೇವಾಲಯದ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ.

ಅವರಲ್ಲಿ ದೂರದರ್ಶಕ ಯಂತ್ರವಿರಲಿಲ್ಲ, ಗಾಜೇ ಇರಲಿಲ್ಲ. ಮಳೆಗಾಡಿನ ನಾಡಾದ್ದರಿಂದ ಎಷ್ಟೋ ತಿಂಗಳು ಅಮಾವಾಸ್ಯೆಯ ಮುಂಚಿನ ಸಣ್ಣ ಚಂದ್ರನೂ ನಂತರದ ಬಿದಿಗೆಯ ಚಂದ್ರನೂ ಮೋಡದ ಹಿಂದೆಯೇ ಕಳೆದುಹೋಗಿರಬೇಕು. ಇದ್ದುದೊಂದೇ: ದಿನದ ಎಣಿಕೆ ಬಿಡಲಿಲ್ಲ, ಹಳೆಯ ಲೆಕ್ಕವನ್ನು ಎಸೆಯಲಿಲ್ಲ. ನಮ್ಮ ಹಾಜರಿ ಪುಸ್ತಕದಲ್ಲಿ ಒಂದು ದಿನದ ಗುರುತು ತಪ್ಪಿದರೆ ತಿಂಗಳ ಕೊನೆಗೆ ಪಗಾರದ ಪಟ್ಟಿಯಲ್ಲಿ ಸಿಕ್ಕಿಬೀಳುತ್ತದೆ. ಅವರಲ್ಲಿ ತಪ್ಪು ಸಿಕ್ಕಿಬೀಳಲು ಒಂದು ತಲೆಮಾರೇ ಬೇಕಾಗುತ್ತಿತ್ತು. ತಂದೆ ಬರೆದಿಟ್ಟದ್ದನ್ನು ಮಗ ಆಕಾಶಕ್ಕೆ ತಾಳೆ ನೋಡಿದ ಹೊರತು ಇಂಥ ಅಂಕಿ ಹುಟ್ಟುವುದಿಲ್ಲ.

ಈ ಬರಹಗಾರರ ಕೊಠಡಿಯೊಂದು ಸಿಕ್ಕಿದೆಯೆಂಬುದೇ ನಮ್ಮಂಥ ಗುಮಾಸ್ತರಿಗೆ ಅತ್ಯಂತ ಸಂತೋಷದ ಸುದ್ದಿ. ಗ್ವಾಟೆಮಾಲಾದ ಉತ್ತರದ ಕಾಡಿನಲ್ಲಿ ಶುಲ್ತೂನ್ ಎಂಬ ಪಾಳುನಗರವಿದೆ. 2010ರಲ್ಲಿ ಅಲ್ಲಿ ಕಳ್ಳರು ತೋಡಿದ್ದ ಗುಂಡಿಯೊಳಗೆ ಇಣುಕಿದ ಒಬ್ಬ ವಿದ್ಯಾರ್ಥಿಗೆ ಗೋಡೆಯ ಮೇಲೆ ಬಣ್ಣದ ಗುರುತು ಕಂಡಿತು. ವಿಲಿಯಂ ಸ್ಯಾಟರ್ನೋ ಅವರ ತಂಡ ಅಗೆದು ನೋಡಿದಾಗ ದೊರೆತದ್ದು ಸುಮಾರು ಆರಡಿ ಉದ್ದಗಲದ ಒಂದು ಕಿರುಕೋಣೆ, ಒಂಬತ್ತನೆಯ ಶತಮಾನದ ಆರಂಭದ್ದು. ಒಂದು ಗೋಡೆಯ ಮೇಲೆ ಕಪ್ಪು ಬಣ್ಣದಲ್ಲಿ ಬರೆದ ಮೂವರು ಸಾಲಾಗಿ ಕುಳಿತ ಚಿತ್ರ. ಇನ್ನೊಂದು ಗೋಡೆಯ ತುಂಬ ಸಣ್ಣ ಸಣ್ಣ ಅಂಕಿಗಳು! ಅದು ಚಂದ್ರನ ಪಟ್ಟಿ. ಆರಾರು ತಿಂಗಳಿಗೆ ಒಂದು ಸಾಲಿನಂತೆ 27 ಸಾಲು, ಒಟ್ಟು 162 ತಿಂಗಳು. ಪ್ರತಿ ಸಾಲಿಗೂ 177 ಅಥವಾ 178 ದಿನ ಕೂಡಿಸುತ್ತ ಹೋಗಿ ಕೊನೆಯ ಸಾಲಿನ ಮೊತ್ತ 4,784. ಮೂರು ದೊಡ್ಡ, ಮೂರು ಸಣ್ಣ ತಿಂಗಳು ಸೇರಿದರೆ 177. ಒಂದು ದೊಡ್ಡ ತಿಂಗಳು ಹೆಚ್ಚಾದರೆ 178. 27 ಸಾಲುಗಳಲ್ಲಿ ಐದು ಮಾತ್ರ 178ರವು. 162 ಎಂಬುದು 81ರ ಇಮ್ಮಡಿ, 4,784 ಎಂಬುದು 2,392ರ ಇಮ್ಮಡಿ. ಅಂದರೆ ಪಲೆಂಕೆಯವರ ಸೂತ್ರವೇ ಈ ಕಾಡಿನ ಕೋಣೆಯ ಗೋಡೆಯ ಮೇಲೆ, ಎಂಟುನೂರು ಹತ್ತರ ಸುಮಾರಿಗೆ, ಕೆಲಸಕ್ಕೆ ಬರುತ್ತಿತ್ತು.

ಈ ಗೋಡೆ ಅರಸರ ಪ್ರಶಸ್ತಿಯಂತೆ ಲೋಕ ನೋಡಲೆಂದು ಬರೆದದ್ದಲ್ಲ. ಬರೆದದ್ದರ ಮೇಲೆ ತೆಳ್ಳಗೆ ಸುಣ್ಣದ ಗಾರೆ ಬಳಿದು ಮತ್ತೆ ಬರೆದಿದ್ದಾರೆ. ನಮ್ಮ ಮೇಜಿನ ಮೇಲಿನ ಕಚ್ಚಾ ಪುಸ್ತಕದಂತೆ ಅದು ಅವರ ಕಚ್ಚಾ ಗೋಡೆ. ಅಲ್ಲಿ ಚಿತ್ರಿಸಿದವನೊಬ್ಬನ ಪಕ್ಕದಲ್ಲಿ 'ತಮ್ಮ' ಎಂಬರ್ಥದ ಬಿರುದೂ ಇದೆ. ಅಣ್ಣ ತಮ್ಮ ಎಂದು ಹಿರಿಯ ಕಿರಿಯ ಕೆಲಸಗಾರರ ದರ್ಜೆ ಅಲ್ಲಿತ್ತೆಂದು ವಿದ್ವಾಂಸರ ಅಭಿಪ್ರಾಯ. ಕಲ್ಲಿನ ಮೇಲೆ ಅರಸರ ಹೆಸರು ಉಳಿದಿದೆ. ಅರಸರ ತಾರೀಖಿಗೆ ಚಂದ್ರನ ವಯಸ್ಸು ಒದಗಿಸಿದವರು ಇಂಥ ಕೋಣೆಯವರು.

ಇಷ್ಟೆಲ್ಲ ಶ್ರಮ ಏತಕ್ಕೆ? ಒಂದು ಮುಖ್ಯ ಕಾರಣ ಗ್ರಹಣ. ಅದರ ಸಾಕ್ಷಿ ಒಂದು ಪುಸ್ತಕದಲ್ಲಿದೆ. ಮಾಯಾ ಪುಸ್ತಕಗಳು ಅತ್ತಿಯ ಜಾತಿಯ ಮರದ ತೊಗಟೆಯ ಕಾಗದಕ್ಕೆ ಸುಣ್ಣ ಬಳಿದು ಬರೆದವು. ನಮ್ಮ ಹಳೆಯ ವರ್ತಕರ ಕಡತದಂತೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತವೆ. ಜರ್ಮನಿಯ ಡ್ರೆಸ್ಡೆನ್ ನಗರದ ಗ್ರಂಥಾಲಯದಲ್ಲಿರುವ ಕಡತದ ಎಂಟು ಪುಟಗಳಲ್ಲಿ 405 ತಿಂಗಳ, ಅಂದರೆ ಸುಮಾರು 33 ವರ್ಷದ ಪಟ್ಟಿಯಿದೆ. ಸೂರ್ಯಗ್ರಹಣ ಅಮಾವಾಸ್ಯೆಯಂದೇ ಆಗಬೇಕು, ಅದೂ ಚಂದ್ರನು ರಾಹುಕೇತುಗಳೆಂಬ ಛೇದಬಿಂದುಗಳ ಬಳಿಯಿದ್ದಾಗ ಮಾತ್ರ. ಅಂಥ ಸಂದರ್ಭ ಸುಮಾರು 173 ದಿನಕ್ಕೊಮ್ಮೆ ಬರುತ್ತದೆ. ಆದ್ದರಿಂದ ಒಂದು ಗ್ರಹಣದ ಅಮಾವಾಸ್ಯೆಯಿಂದ ಮುಂದಿನದು ಸಾಮಾನ್ಯವಾಗಿ ಆರು ತಿಂಗಳಿಗೆ, ಒಮ್ಮೊಮ್ಮೆ ಐದು ತಿಂಗಳಿಗೆ. ಪಟ್ಟಿಯಲ್ಲಿ ಆರು ತಿಂಗಳ 60 ಗುಂಪು, ಐದು ತಿಂಗಳ 9 ಗುಂಪು. ಹೀಗೆ 69 ಎಚ್ಚರಿಕೆಯ ದಿನಗಳು. ಇವೆಲ್ಲ ಮಾಯಾ ನೆಲದಲ್ಲಿ ಕಾಣುವ ಗ್ರಹಣಗಳಲ್ಲ. ಗ್ರಹಣವಾದರೆ ಈ ದಿನಗಳಲ್ಲಿಯೇ ಆದೀತು, ಉಳಿದ ದಿನ ನಿಶ್ಚಿಂತೆಯಾಗಿರಬಹುದು ಎಂಬುದೇ ಅದರ ಉಪಯೋಗ.

405 ತಿಂಗಳಿಗೆ ಆ ಪುಸ್ತಕ ಹಿಡಿದಿರುವ ದಿನಗಳು 11,960. ಇದು ಪಲೆಂಕೆ ಸೂತ್ರದ ಐದರಷ್ಟು. 81ನ್ನೂ 2,392ನ್ನೂ ಐದರಿಂದ ಗುಣಿಸಿ ನೋಡಬಹುದು. ಅಷ್ಟೇ ಅಲ್ಲ, 11,960 ಎಂದರೆ 260ರ ಸರಿಯಾಗಿ 46 ಪಾಲು. ಪಟ್ಟಿ ಮುಗಿದಾಗ ಚಂದ್ರನೂ ಮೊದಲಿನ ಸ್ಥಾನಕ್ಕೆ, ದಿನದ ಹೆಸರೂ ಮೊದಲಿನ ಹೆಸರಿಗೆ ಬಂದು ನಿಲ್ಲುತ್ತವೆ. 173 ದಿನ ಚಿಲ್ಲರೆಯ ಗ್ರಹಣಕಾಲ ಮೂರು ಸಲ ಕಳೆದರೆ 520 ದಿನ. ಅದು 260ರ ಇಮ್ಮಡಿ. ನಾವು ಮೊದಲು ಓದಿದಾಗ 260 ದಿನದ ಸುತ್ತು ಬರಿಯ ಶಕುನದ ಲೆಕ್ಕವೆಂದೇ ತೋರಿತ್ತು. ಅದೇ ಸುತ್ತು ಗ್ರಹಣಕ್ಕೂ ಅಳತೆಗೋಲಾಗಿ ಒದಗಿದ್ದನ್ನು ಕಂಡಾಗ ಪುಸ್ತಕವನ್ನು ಕ್ಷಣಕಾಲ ಮಡಿಚಿ ಸುಮ್ಮನೆ ಕುಳಿತೆವು.

ಇಂಥ ಪುಸ್ತಕಗಳು ಎಷ್ಟಿದ್ದವೋ, ಉಳಿದಿರುವುವು ನಾಲ್ಕೇ. 1562ರ ಜುಲೈಯಲ್ಲಿ ಯುಕತಾನಿನ ಮನಿ ಎಂಬ ಊರಿನಲ್ಲಿ ಸ್ಪೇನಿನ ಪಾದ್ರಿ ದಿಯೆಗೋ ದೆ ಲಂದಾ ಎಂಬಾತ ವಿಗ್ರಹಗಳೊಡನೆ ಪುಸ್ತಕಗಳನ್ನೂ ರಾಶಿ ಹಾಕಿ ಸುಡಿಸಿದ. ಅವುಗಳಲ್ಲಿ ಸೈತಾನನ ಸುಳ್ಳಲ್ಲದೆ ಬೇರೇನೂ ಇಲ್ಲವೆಂಬುದು ಅವನ ವಾದ. ವಿಚಿತ್ರವೆಂದರೆ ಅವನೇ ಮುಂದೆ ಬರೆದ ಯುಕತಾನಿನ ವೃತ್ತಾಂತದಲ್ಲಿ ದಿನಗಳ, ಮಾಸಗಳ ಹೆಸರೂ ಗುರುತೂ ಉಳಿದುಬಂದವು. ಆ ಬರಹ ಮುನ್ನೂರು ವರ್ಷ ಮರೆತುಹೋಗಿದ್ದು 1860ರ ದಶಕದಲ್ಲಿ ಮ್ಯಾಡ್ರಿಡ್ಡಿನಲ್ಲಿ ಸಿಕ್ಕಿತು.

ಬೀಗಕ್ಕೆ ಕೀಲಿಕೈ ಸಿಕ್ಕಂತಾಯಿತು, ತೆರೆಯುವವರು ಬೇಕಿತ್ತು. ತೆರೆದವರಾರೆಂಬುದನ್ನು ನಮ್ಮ ವಾಚನಾಲಯದ ಬಂಧುಗಳು ಅವಶ್ಯ ತಿಳಿಯಬೇಕು. ಮೊದಲನೆಯವರು ಎರ್ನ್‌ಸ್ಟ್ ಫರ್ಸ್ಟೆಮನ್, ಡ್ರೆಸ್ಡೆನ್ ಗ್ರಂಥಾಲಯದ ಮುಖ್ಯಸ್ಥರು. ಕಪಾಟಿನಲ್ಲಿದ್ದ ಕಡತವನ್ನು ಐವತ್ತು ದಾಟಿದ ವಯಸ್ಸಿನಲ್ಲಿ ಕೈಗೆತ್ತಿಕೊಂಡು, 1880ರಲ್ಲಿ ಅದರ ಪ್ರತಿಕೃತಿಯನ್ನು ಪ್ರಕಟಿಸಿ, ಇಪ್ಪತ್ತರ ಅಂಕಗಣಿತವನ್ನೂ ದೀರ್ಘಗಣನೆಯ ಆರಂಭದಿನವನ್ನೂ ಕೂತ ಕುರ್ಚಿಯಲ್ಲಿಯೇ ಬಿಡಿಸಿದರು. ಎರಡನೆಯವರು ಜೋಸೆಫ್ ಗುಡ್‌ಮನ್, ಅಮೆರಿಕಾದ ನೆವಾಡದಲ್ಲಿ ಪತ್ರಿಕೆ ನಡೆಸುತ್ತಿದ್ದವರು. ಲೇಖಕ ಮಾರ್ಕ್ ಟ್ವೇನ್‌ಗೆ ಪತ್ರಿಕೆಯ ಕೆಲಸ ಕೊಟ್ಟವರೂ ಇವರೇ. ಮಾಯಾ ತಾರೀಖಿಗೂ ನಮ್ಮ ತಾರೀಖಿಗೂ ಅವರು 1905ರಲ್ಲಿ ಕೊಟ್ಟ ಹೊಂದಾಣಿಕೆಯನ್ನು ಯಾರೂ ಲಕ್ಷಿಸಲಿಲ್ಲ. 1926, 1927ರಲ್ಲಿ ಮಾರ್ತಿನೆಸ್, ಥಾಮ್ಸನ್ ಎಂಬ ವಿದ್ವಾಂಸರು ಅದನ್ನು ಎತ್ತಿಹಿಡಿದರು. ಅಲ್ಪ ತಿದ್ದುಪಡಿಯೊಡನೆ ಈಗ ಬಹುತೇಕ ಎಲ್ಲರೂ ಬಳಸುವುದು ಅದನ್ನೇ.

ಚಂದ್ರನ ಲೆಕ್ಕವನ್ನು ಬಿಡಿಸಿದವರು ಜಾನ್ ಟೀಪಲ್ ಎಂಬ ರಸಾಯನ ಇಂಜಿನಿಯರು. ಪೊಟ್ಯಾಷ್ ಉದ್ಯಮ ಅವರ ಕಸುಬು. ಕೆಲಸದ ಮೇಲೆ ದೂರದೂರದ ರೈಲು ಪ್ರಯಾಣ ಮಾಡಬೇಕಾಗುತ್ತಿತ್ತು. ಹೊತ್ತು ಕಳೆಯಲು ಇದನ್ನು ನೋಡಿರೆಂದು ಮಾಯಾ ವಿದ್ವಾಂಸ ಮೋರ್ಲಿ ಅವರೇ ಸೂಚಿಸಿದರಂತೆ. ಸಾಲು ಸಾಲು ಶಾಸನಗಳ ತಾರೀಖುಗಳನ್ನು ಹೋಲಿಸಿ, ಚಂದ್ರನ ವಯಸ್ಸು ಮತ್ತು ತಿಂಗಳ ಸಂಖ್ಯೆಯ ಗುರುತುಗಳ ಅರ್ಥವನ್ನು ಅವರು 1925ರಲ್ಲಿ ಪ್ರಕಟಿಸಿದರು. 149ರ ಸೂತ್ರವನ್ನೂ 81ರ ಸೂತ್ರವನ್ನೂ ಕಲ್ಲಿನಿಂದ ಹೊರತೆಗೆದವರು ಅವರೇ. ಅವರು ತೋರಿಸಿಕೊಟ್ಟ ಇನ್ನೊಂದು ಸಂಗತಿ ಇದು. ಮೊದಮೊದಲು ಊರೂರಿಗೆ ತಿಂಗಳ ಸಂಖ್ಯೆ ಬೇರೆ ಬೇರೆಯಿತ್ತು. ಒಂದೂರಿಗೆ ಆರರಲ್ಲಿ ಮೂರನೆಯ ತಿಂಗಳಾದದ್ದು ಇನ್ನೊಂದೂರಿಗೆ ಐದನೆಯದಾಗಬಹುದಿತ್ತು. ಏಳನೆಯ ಶತಮಾನದ ಕೊನೆಯ ಭಾಗದಿಂದ ಎಂಟನೆಯ ಶತಮಾನದ ನಡುಭಾಗದವರೆಗೆ ಹಲವು ಊರುಗಳು ಒಂದೇ ಸಂಖ್ಯೆ ಹಿಡಿದವು. ಒಬ್ಬರ ಮೇಲೊಬ್ಬರು ದಂಡೆತ್ತಿ ಹೋಗುತ್ತಿದ್ದ ಅರಸರ ಕಾಲ ಅದು. ಅರಸರು ಕಾದಾಡುತ್ತಿರುವಾಗಲೂ ಲೆಕ್ಕದವರು ಒಂದು ಮಾತಿಗೆ ಬಂದಿದ್ದರೆಂದಾಯಿತು. ಆ ಐಕಮತ್ಯವೂ ಬಹುಕಾಲ ಬಾಳಲಿಲ್ಲ.

ಡ್ರೆಸ್ಡೆನ್ನಿನ ಕಡತಕ್ಕೆ 1945ರ ಬಾಂಬುದಾಳಿಯ ಕಾಲದಲ್ಲಿ ನೀರು ನುಗ್ಗಿ ಹಲವು ಪುಟಗಳು ಕೆಟ್ಟವು. ಅಲ್ಲಿ ಅಳಿಸಿಹೋದದ್ದನ್ನು ಈಗ ಓದಬೇಕಾದವರು ಫರ್ಸ್ಟೆಮನ್ನರ ಪ್ರತಿಕೃತಿಯನ್ನೇ ನೋಡಬೇಕು.

2012ರ ಡಿಸೆಂಬರ್ 21ರಂದು ಲೋಕ ಮುಳುಗುವುದೆಂದು ಎದ್ದ ಗದ್ದಲ ಅನೇಕರಿಗೆ ನೆನಪಿರಬಹುದು. ಅಂದು ಆದದ್ದಿಷ್ಟೆ: ದೀರ್ಘಗಣನೆಯಲ್ಲಿ 13 ಬಕ್ತುನ್ ಮುಗಿದು ಮುಂದಿನದು ಆರಂಭವಾಯಿತು, ನಮ್ಮಲ್ಲಿ ಹಳೆಯ ಖಾತಾಪುಸ್ತಕ ಮುಗಿದು ಹೊಸದು ತೆಗೆದಂತೆ. ಪಲೆಂಕೆಯ ಒಂದು ಶಾಸನದಲ್ಲಿ ಪಕಾಲನ ಪಟ್ಟಾಭಿಷೇಕದ ಪರ್ವವನ್ನು ಕ್ರಿ. ಶ. 4772ರವರೆಗೆ ಮುಂದಕ್ಕೆ ಲೆಕ್ಕ ಹಾಕಿದ್ದಾರೆ. 2012ಕ್ಕೆ ಲೋಕ ಮುಗಿಯುತ್ತದೆಂದು ನಂಬಿದವರು ಹಾಗೆ ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ.

ದೀರ್ಘಗಣನೆಯನ್ನು ಮಾಯಾ ಜನರು ಬಹು ಹಿಂದೆಯೇ ಬಿಟ್ಟರು. ಚಂದ್ರನ ಪಟ್ಟಿಗಳೂ ಪುಸ್ತಕಗಳೊಡನೆ ಹೋದವು. 260 ದಿನಗಳ ಸುತ್ತು ಮಾತ್ರ ಹೋಗಿಲ್ಲ. ಗ್ವಾಟೆಮಾಲಾದ ಬೆಟ್ಟದ ಮೇಲಿನ ಮೊಮೊಸ್ತೆನಾಂಗೋ ಮೊದಲಾದ ಊರುಗಳಲ್ಲಿ ಕಿಚೆ ಎಂಬ ಮಾಯಾ ಪಂಗಡದವರು ಅದನ್ನು ಇಂದಿಗೂ ಎಣಿಸುತ್ತಾರೆ. ಎಣಿಸುವವರಿಗೆ ಅವರ ಮಾತಿನಲ್ಲಿ 'ದಿನದವರು' ಎಂದು ಹೆಸರು. ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ. ಹಿರಿಯರ ಕೈಕೆಳಗೆ ಕಲಿತು, 8 ಬಾತ್ಸ್ ಎಂಬ ಹೆಸರಿನ ದಿನ ದೀಕ್ಷೆ ಪಡೆಯುತ್ತಾರೆ. ಸುತ್ತಿಗೆ 260 ದಿನವೇ ಏಕೆಂದು ಕೇಳಿದರೆ ಮಗು ತಾಯಿಯ ಹೊಟ್ಟೆಯಲ್ಲಿರುವ ಕಾಲ ಅದೆಂದು ಹೇಳುತ್ತಾರೆ. ನಮ್ಮ ಹಾಲುವಾಣದ ಜಾತಿಯ ಒಂದು ಮರದ ಕೆಂಪು ಬೀಜಗಳನ್ನು ಮೇಜಿನ ಮೇಲೆ ಸಣ್ಣ ಸಣ್ಣ ಗುಡ್ಡೆಯಾಗಿ ಹರಡಿ, ಗುಡ್ಡೆಗೊಂದು ದಿನದಂತೆ ಬೆರಳಿಟ್ಟು ಎಣಿಸುತ್ತಾರೆ.